ಚಂದ್ರನ ಮೇಲೆ ಬಿಟ್ಟ ಹೊಲಿಗೆ

ಸಿನಿಮಾ ಬಿಟ್ಟಾಗ ಜನ ಹೊರಗೆ ಬಂದು ಮೊದಲ ಹತ್ತು ಹೆಜ್ಜೆಯೊಳಗೆ ಆಡುವ ಮಾತೇ ನಿಜವಾದದ್ದು, ಆಮೇಲೆ ಅವರು ಜೊತೆಗಿದ್ದವರ ಮುಖ ನೋಡಿಕೊಂಡು ಮಾತಾಡುತ್ತಾರೆ ಎಂದು ನಮ್ಮ ಹಳೆಯ ಯಜಮಾನರು ಹೇಳುತ್ತಿದ್ದರು. ಅವರು ನನ್ನನ್ನು ಟಾಕೀಸಿನ ಗೇಟಿನಲ್ಲಿ ನಿಲ್ಲಿಸಿದ್ದು ಬರೀ ಟಿಕೆಟ್ ಹರಿಯುವುದಕ್ಕಲ್ಲ. ಆಟ ಮುಗಿದಾಗ ನಾನು ಹೊರಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತು, ಹೋಗುವವರ ಮಾತನ್ನು ಕಿವಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಅವರ ಕೋಣೆಗೆ ಹೋಗಿ ಒಪ್ಪಿಸಬೇಕಿತ್ತು. "ಜನ ಏನಂತಾರೆ?" ಎಂದು ಕೇಳುತ್ತಿದ್ದರು. ನಾನು ಹೇಳಿದ್ದರ ಮೇಲೆ ಆ ಸಿನಿಮಾ ಮುಂದಿನ ವಾರಕ್ಕೆ ಉಳಿಯಬೇಕೋ ಬೇಡವೋ ಎನ್ನುವುದು ನಿಶ್ಚಯವಾಗುತ್ತಿತ್ತು.

ನಾನು ಎರಡನೆಯ ತರಗತಿಗೆ ಶಾಲೆ ಬಿಟ್ಟವನು. ಬರೆದುಕೊಳ್ಳುವಷ್ಟು ಕೈ ಓಡುತ್ತಿರಲಿಲ್ಲ. ಹಾಗಾಗಿ ಯಾರು ಏನಂದರು, ನಗುತ್ತಾ ಅಂದರೋ ಉಗಿಯುತ್ತಾ ಅಂದರೋ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಬಿತ್ತು. ಅದೇನು ಒಳ್ಳೆಯ ಅಭ್ಯಾಸವಲ್ಲ. ಇಟ್ಟುಕೊಂಡದ್ದನ್ನು ಗುಡಿಸಿ ಹೊರಗೆ ಹಾಕುವುದು ನನಗೆ ಇವತ್ತಿಗೂ ಬಂದಿಲ್ಲ.

ಈಗ ಯಜಮಾನರ ಮೊಮ್ಮಗಳು ಟಾಕೀಸು ನೋಡಿಕೊಳ್ಳುತ್ತಾರೆ. ನಾವು ಅವರನ್ನು ಚಿಕ್ಕ ಯಜಮಾನಿ ಎನ್ನುತ್ತೇವೆ. ನಾನೂರು ಕುರ್ಚಿಯ ಹಾಲಿನಲ್ಲಿ ಮಧ್ಯಾಹ್ನದ ಆಟಕ್ಕೆ ಹತ್ತು ಹನ್ನೆರಡು ಜನ ಬರುತ್ತಾರೆ; ಅದರಲ್ಲಿ ನಾಲ್ಕು ಜನ ಫ್ಯಾನಿನ ಕೆಳಗೆ ಮಲಗುವುದಕ್ಕೆ. ನನಗೆ ಎಪ್ಪತ್ತು ಆಗಿದೆ ಎಂದು ನನ್ನನ್ನು ಮಧ್ಯಾಹ್ನದ ಆಟಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಮೊನ್ನೆ ಅವರು ನನ್ನನ್ನೂ ಆಪರೇಟರನ್ನೂ ಕರೆದು ಹೇಳಿದರು:

"ಒಂದು ವಾರ ಹಳೇ ಕಾಮಿಡಿ ಹಾಕೋಣ ತಾತಾ. ನೋಡಿದವರು ಅಭಿಪ್ರಾಯ ಬರೆಯೋಕೆ ಚೀಟಿ ಇಡೋಣ. ಜನಕ್ಕೆ ಇಷ್ಟ ಆದ್ರೆ ಪ್ರತಿ ವಾರ ಒಂದೊಂದು ಹಳೇದು. ಇಲ್ಲಾಂದ್ರೆ ಮಧ್ಯಾಹ್ನದ ಆಟ ನಿಲ್ಲಿಸಿಬಿಡೋದೇ."

"ಯಾವುದು ಹಾಕ್ತೀರಮ್ಮಾ?"

"ನಿಮ್ಮ ಕಾಲದ್ದೇ. 'ನಮ್ಮ ಬಾವುಟ ಮೊದಲು'."

ಆಪರೇಟರ್ ನನ್ನ ಮುಖ ನೋಡಿ, "ಯಾಕೆ ತಾತಾ, ಆ ರಾಕೆಟ್ಟಲ್ಲಿ ನೀನೂ ಹೋಗಿದ್ಯಾ?" ಎಂದ.

ನಾನು ಹೋಗಿರಲಿಲ್ಲ. ನನ್ನ ಅಕ್ಕ ಹೋಗಿದ್ದಳು ಎನ್ನಬಹುದು.

ಆ ಕಾಲದಲ್ಲಿ ದೊಡ್ಡ ದೇಶಗಳು ಚಂದ್ರನಿಗೆ ತಾವು ಮೊದಲು ತಾವು ಮೊದಲು ಎಂದು ಹಟ ಹಿಡಿದಿದ್ದವಲ್ಲ, ಅದನ್ನು ಗೇಲಿ ಮಾಡಿ ತೆಗೆದ ಸಿನಿಮಾ ಅದು. ಹೆಸರಿಲ್ಲದ ಎರಡು ಪುಟ್ಟ ದೇಶಗಳು. ಒಂದರ ರಾಕೆಟ್ಟನ್ನು ಸೇನಾಪತಿ ಕಟ್ಟಿಸುತ್ತಾನೆ, ಇನ್ನೊಂದರದ್ದನ್ನು ಪಾತ್ರೆಗೆ ಬೆಸುಗೆ ಹಾಕುವವನು ಕಟ್ಟುತ್ತಾನೆ. ಎರಡೂ ಒಂದೇ ಗಳಿಗೆಯಲ್ಲಿ ಹೋಗಿ ಇಳಿಯುತ್ತವೆ. ಬಾವುಟ ಎಲ್ಲಿ ನೆಡಬೇಕು ಎಂದು ಜಗಳವಾಡಿ ಎಣ್ಣೆಯೆಲ್ಲ ಮುಗಿಸಿಕೊಂಡು, ಕೊನೆಗೆ ಒಂದೇ ರಾಕೆಟ್ಟಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ವಾಪಸು ಬರುತ್ತಾರೆ. ಇಷ್ಟೇ ಕತೆ.

ಅಕ್ಕ ಆಗ ಆ ಸಿನಿಮಾ ಕಂಪನಿಯ ಉಡುಪಿನ ಕೋಣೆಯಲ್ಲಿ ಹೊಲಿಗೆಯವಳು. ಅವಳ ಕೈ ಎಂಥದ್ದೆಂದರೆ, ತೊಟ್ಟವರಿಗೆ ಬಟ್ಟೆ ಎಲ್ಲಿ ಮುಗಿಯುತ್ತದೆ, ಮೈ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಚಂದ್ರನಿಗೆ ಹೋಗುವವರ ಉಡುಪನ್ನು ಅವಳಿಗೇ ಕೊಟ್ಟರು. ಹಾಸಿಗೆಯ ದಪ್ಪ ಬಟ್ಟೆ, ಒಳಗೆ ಹತ್ತಿ, ಮೇಲೆ ಬೆಳ್ಳಿಯ ಬಣ್ಣ. ಚಿತ್ರೀಕರಣದ ದಿನ ಸೇನಾಪತಿಯ ವೇಷದವನು ಬಾವುಟ ನೆಡಲು ಬಗ್ಗಿದ್ದೇ ತಡ, ಹಿಂದೆ ಸೊಂಟದಿಂದ ಕೆಳಗೆ ಒಂದು ಗೇಣು ಹೊಲಿಗೆ ಬಿಟ್ಟುಕೊಂಡಿತು. ಹತ್ತಿ ಹೊರಗೆ ಬಂತು. ಪಕ್ಕದಲ್ಲಿ ಗಾಳಿಗೆಂದು ಇಟ್ಟಿದ್ದ ದೊಡ್ಡ ಫ್ಯಾನು ಅದನ್ನು ಇಡೀ ಚಂದ್ರನ ಮೇಲೆ ಹಾರಿಸಿತು. ಮುಂದೆ ಏನಾಯಿತೆಂದು ನೋಡಲು ಅಕ್ಕನಿಗೆ ಪುರಸೊತ್ತು ಸಿಗಲಿಲ್ಲ. ಉಡುಪಿನ ಮೇಸ್ತ್ರಿ ಅವಳನ್ನು ಅಷ್ಟು ಜನರ ಮುಂದೆ ನಿಲ್ಲಿಸಿ, "ನಿನ್ನ ಕೈಗೆ ಸೂಜಿ ಕೊಟ್ಟವರು ಯಾರು?" ಎಂದು ಕೂಗಿ, ಅವತ್ತೇ ಮನೆಗೆ ಕಳಿಸಿದ.

ಮನೆಗೆ ಬಂದವಳು ಎರಡು ತಿಂಗಳು ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆ ತೆಗೆಯಲಿಲ್ಲ. ಅಷ್ಟರಲ್ಲಿ ಸಿನಿಮಾ ನಮ್ಮ ಟಾಕೀಸಿಗೇ ಬಂತು. ಮೊದಲ ದಿನ ನಾನು ಮನೆಗೆ ಬರುವುದನ್ನೇ ಅವಳು ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದಳು.

"ಆ ಹೊಲಿಗೆ ಕಾಣತ್ತೇನೋ?"

"ಇಲ್ಲಕ್ಕ," ಎಂದೆ. "ಆ ಸೀನನ್ನೇ ಕತ್ತರಿಸಿ ಬಿಸಾಕಿದಾರೆ."

ಕತ್ತರಿಸಿರಲಿಲ್ಲ. ಏಳು ವಾರ ಓಡಿದ ಆ ಸಿನಿಮಾವನ್ನು ಓಡಿಸಿದ್ದೇ ಆ ಹತ್ತಿ. ಬೆಸುಗೆಯವನ ವೇಷದವನು ಹಾರುತ್ತಿದ್ದ ಹತ್ತಿಯನ್ನು ಹಿಡಿದು, ಅದು ಚಂದ್ರನ ಮಣ್ಣೆಂದು ಸೀಸೆಯೊಳಗೆ ತುಂಬಿಕೊಂಡು, "ಅಬ್ಬಾ, ಎಷ್ಟು ಮೆತ್ತಗಿದೆ! ನನ್ನ ಹೆಂಡತಿಗೆ ತಲೆದಿಂಬಿಗಾಯ್ತು!" ಎನ್ನುತ್ತಿದ್ದ. ಹೇಳಿಕೊಟ್ಟ ಮಾತಲ್ಲವಂತೆ, ಅವನ ಬಾಯಿಂದ ತಾನೇ ಬಂದದ್ದಂತೆ. ಆ ಮಾತಿಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳಿದ ಮಾತೆಲ್ಲ ಅದೇ. ಹರಿದ ಅಂಗಿ, ಹರಿದ ಅಂಗಿ. ಒಳಗೆ ನಗು ಏಳುವ ಹೊತ್ತಿಗೆ ನಗಬೇಡಿ ನಗಬೇಡಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇಷ್ಟು ಜನ ನನ್ನ ಅಕ್ಕನನ್ನು ನೋಡಿ ನಗುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಯಜಮಾನರಿಗೆ ಎಲ್ಲ ಹೇಳಿದೆ, ಅಕ್ಕನಿಗೆ ಒಂದನ್ನೂ ಹೇಳಲಿಲ್ಲ.

ಆಮೇಲೆ ಅವಳು ಯಂತ್ರದ ಮೇಲಿನ ಬಟ್ಟೆ ತೆಗೆದಳು. ಆದರೆ ಮೈಗೆ ತೊಡುವ ಬಟ್ಟೆಯನ್ನು ಯಾರಿಗೂ ಹೊಲಿಯಲಿಲ್ಲ. ಆಸ್ಪತ್ರೆಯ ತಲೆದಿಂಬಿನ ಚೀಲ, ಹೊದಿಕೆ, ಪರದೆ. ಎಲ್ಲ ನೇರ ಹೊಲಿಗೆ. ತೊಟ್ಟುಕೊಂಡು ಬಗ್ಗುವವರು ಯಾರೂ ಇಲ್ಲದ ಬಟ್ಟೆ. ಅವಳು ಹೊಲಿದ ಅಂಗಿ ತೊಟ್ಟವನು ನಾನೊಬ್ಬನೇ, ಗೇಟಿನ ಖಾಕಿ. ಮದುವೆಯನ್ನೂ ಅವಳು ಮಾಡಿಕೊಳ್ಳಲಿಲ್ಲ. ನನ್ನವಳು ತೀರಿಕೊಂಡ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಅವಳೂ ನಾನೂ ಅವಳ ಯಂತ್ರವೂ ಇದ್ದೇವೆ. ನಲವತ್ತೊಂಬತ್ತು ವರ್ಷವಾಯಿತು ಆ ಸುಳ್ಳಿಗೆ. ಸುಳ್ಳು ಹೇಳುವುದು ಒಂದು ಮಾತಿನ ಕೆಲಸ. ಅದನ್ನು ಕಾಯುವುದು ದಿನಾ ಮಾಡಬೇಕಾದ ಕೆಲಸ. ನನಗೆ ಸಾಕಾಗಿತ್ತು, ಆದರೆ ಇಳಿಸುವ ಜಾಗ ಕಂಡಿರಲಿಲ್ಲ.

ಗೋಡೆಗಳ ಮೇಲೆ ಪೋಸ್ಟರ್ ಬಿದ್ದ ದಿನ ಅಕ್ಕ ಚಹಾದ ಲೋಟ ಕೆಳಗಿಟ್ಟು, "ಬಂತಂತಲ್ಲ ಅದು," ಎಂದಳು. ಅಷ್ಟೇ. ನಾನೂ "ಹೂಂ" ಎಂದೆ.

ಈಗ ರೀಲಿನ ಪೆಟ್ಟಿಗೆಗಳಿಲ್ಲ. ಅಂಗೈಯಗಲದ ಡಬ್ಬಿಯಲ್ಲಿ ಇಡೀ ಸಿನಿಮಾ ಬರುತ್ತದೆ. ಯಾರೋ ಕೂತು ಅದರ ಕೊಳೆ, ಗೆರೆ ಎಲ್ಲ ತೆಗೆದು ತೊಳೆದ ಹಾಗೆ ಮಾಡಿದ್ದರು. ಹತ್ತಿಯ ಎಳೆ ಎಳೆಯೂ ಕಾಣುತ್ತಿತ್ತು.

ಜನ ಬಂದರು, ನೋಡಿದರು, ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರು. ಹಿಂದೆ ಬಾಯಲ್ಲಿ ಹೇಳುತ್ತಿದ್ದರು, ಈಗ ಬರೆಯುತ್ತಾರೆ. ಬರೆಯುವಾಗ ಮನುಷ್ಯ ಸ್ವಲ್ಪ ಕಟುವಾಗುತ್ತಾನೆ. ಐದನೆಯ ದಿನ ಚಿಕ್ಕ ಯಜಮಾನಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ತಾತಾ, ಮನೇಲಿ ಕೂತು ಇದನ್ನ ಎರಡು ಪಾಲು ಮಾಡಿ. ಚೆನ್ನಾಗಿದೆ ಅಂದವರದ್ದು ಒಂದು, ಚೆನ್ನಾಗಿಲ್ಲ ಅಂದವರದ್ದು ಒಂದು," ಎಂದರು.

"ನಾನು ಓದೋದು ನಿಧಾನ ಅಮ್ಮಾ."

"ನಿಧಾನವಾಗೇ ಮಾಡಿ. ಏನು ರೈಲು ಹೋಗತ್ತಾ?"

ಮನೆಗೆ ಒಯ್ದರೆ ಅಕ್ಕ ಬಿಡುವವಳಲ್ಲ, ಅವಳಿಗೆ ಓದುವ ಹುಚ್ಚು. ಭೂತಗನ್ನಡಿ ಹಿಡಿದು ಪೊಟ್ಟಣ ಕಟ್ಟಿದ ಕಾಗದವನ್ನೂ ಓದುತ್ತಾಳೆ. ಹಾಗಾಗಿ ಟಾಕೀಸಿನ ಹಿಂದಿನ ಮೆಟ್ಟಿಲಿನ ಮೇಲೆ ಕೂತು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಅಷ್ಟನ್ನೂ ನಾನೇ ಓದಿದೆ. ಹತ್ತಿ, ಹೊಲಿಗೆ, ಹರಿದ ಉಡುಪು ಎಂದು ಬರೆದವು ಹನ್ನೊಂದು ಸಿಕ್ಕವು. ಅವನ್ನು ಖಾಕಿಯ ಒಳಜೇಬಿಗೆ ಇಳಿಸಿ ಮನೆಗೆ ಹೋದೆ.

ಅಂದುಕೊಂಡ ಹಾಗೇ ಅಕ್ಕ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಗಟ್ಟಿಯಾಗಿ ಓದತೊಡಗಿದಳು.

"'ರಾಕೆಟ್ ನೀರು ಕಾಯಿಸೋ ಹಂಡೆ ತರ ಇದೆ.' ಹಂಡೇನೇ ಅದು, ನಾನು ನೋಡಿದೀನಿ. 'ನಮ್ಮಪ್ಪ ನಕ್ಕರು, ನಾನು ಅವರ ಮುಖ ನೋಡಿ ನಕ್ಕೆ.' ಪಾಪ. 'ಈ ಸಿನಿಮಾದಲ್ಲಿ ಹೆಂಗಸರು ಇರೋದು ಚಹಾ ತರೋದಕ್ಕೆ ಮಾತ್ರ.' ಸರಿಯಾಗಿ ಹೇಳಿದಾಳೆ. 'ಎರಡನೇ ಅರ್ಧ ಯಾಕಿದೆ?'"

"ಅದನ್ನ ಆಗಲೂ ಕೇಳಿದ್ರು," ಎಂದೆ.

"'ಯಾರು ಮೊದಲು ಹೋದ್ರೆ ನಮಗೇನು? ನಮ್ಮ ಬೀದಿಗೆ ನೀರು ಮೊದಲು ಬರಲಿ.'" ಅಕ್ಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕಳು. "ಇವನು ಬುದ್ಧಿವಂತ. 'ಜೋಕುಗಳಿಗೆ ನನ್ನ ಅಜ್ಜನಷ್ಟು ವಯಸ್ಸಾಗಿದೆ, ಅಜ್ಜನಷ್ಟು ಪ್ರೀತಿ ಬರಲಿಲ್ಲ.' 'ಫ್ಯಾನು ಕಟಕಟ ಅನ್ನತ್ತೆ, ಆದ್ರೂ ನಿದ್ದೆ ಚೆನ್ನಾಗಿ ಬಂತು.'"

ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ಅವಳು ಏನನ್ನೋ ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಕೊನೆಯ ಚೀಟಿ ಇಟ್ಟು ಕೇಳಿದಳು:

"ಬಟ್ಟೆ ವಿಷಯ ಒಬ್ಬರೂ ಬರೆದಿಲ್ವಲ್ಲೋ."

"ಅದನ್ನೆಲ್ಲ ಯಾರು ನೋಡ್ತಾರಕ್ಕ?"

"ಅದೂ ಹೌದು ಬಿಡು," ಎಂದು ಎದ್ದು ಹೋದಳು. ಆ "ಬಿಡು" ನನ್ನ ಕಿವಿಯಲ್ಲೇ ಉಳಿಯಿತು. ಹೊಲಿಗೆ ಬಿಟ್ಟದ್ದು ಯಾರಿಗೂ ಕಾಣಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಸಮಾಧಾನದ ಮುಖವಲ್ಲ ಅದು.

ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಖಾಕಿ ಗೂಟದ ಮೇಲಿರಲಿಲ್ಲ. ಅದರ ಎರಡನೆಯ ಗುಂಡಿ ನೇತಾಡುತ್ತಿತ್ತು, ನಾನೇ ವಾರದಿಂದ ಹೇಳುತ್ತಿದ್ದೆ. ಅಕ್ಕ ಗುಂಡಿ ಹಾಕಲು ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಒಳಜೇಬು ಅವಳೇ ಇಟ್ಟದ್ದು. ಅದರಲ್ಲಿ ಕಾಗದವಿದ್ದರೆ ಕೈಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ವರ್ಷ ಮುಚ್ಚಿಟ್ಟವನು ಕೊನೆಗೆ ಮುಚ್ಚಿಡಲು ಅವಳೇ ಹೊಲಿದ ಜೇಬನ್ನು ಹುಡುಕಿಕೊಂಡೆ.

ಹನ್ನೊಂದು ಚೀಟಿಗಳೂ ಯಂತ್ರದ ಹಲಗೆಯ ಮೇಲೆ ಸಾಲಾಗಿದ್ದವು. ಭೂತಗನ್ನಡಿ ಪಕ್ಕದಲ್ಲಿ ಮಲಗಿತ್ತು, ಅಂದರೆ ಓದಿ ಮುಗಿದಿತ್ತು. ಗುಂಡಿಯನ್ನೂ ಹಾಕಿದ್ದಳು.

"ಆ ಸೀನು ಕತ್ತರಿಸಿದಾರೆ ಅಂದಿದ್ದೆ," ಎಂದಳು.

"ಅಂದಿದ್ದೆ."

"ಕತ್ತರಿಸಿದ ಸೀನನ್ನ ಹನ್ನೊಂದು ಜನ ಹೇಗೆ ನೋಡಿದ್ರೋ?"

ನಾನು ಒದ್ದೆ ತಲೆಯಲ್ಲಿ ನಿಂತೇ ಇದ್ದೆ. ಅವಳು ಒಂದು ಚೀಟಿ ಎತ್ತಿ ಓದಿದಳು. "'ಇಡೀ ಸಿನಿಮಾದಲ್ಲಿ ನಕ್ಕಿದ್ದು ಒಂದೇ ಕಡೆ. ಆ ಹತ್ತಿ ಹಾರುವಾಗ.'" ಇನ್ನೊಂದು ಎತ್ತಿದಳು. "'ಹತ್ತಿಯನ್ನ ಚಂದ್ರನ ಮಣ್ಣು ಅನ್ನೋ ಸೀನಿಗೆ ಮಾತ್ರ ವಯಸ್ಸಾಗಿಲ್ಲ.' ಆಗಲೂ ಹೀಗೇ ಅಂದ್ರಾ?"

"ಹೂಂ."

"ಎಷ್ಟು ಜನ?"

"ಎಲ್ಲರೂ, ಅಕ್ಕ. ಏಳು ವಾರ."

"ಯಾಕೋ ಹೇಳಲಿಲ್ಲ?"

"ನಿನ್ನ ತಪ್ಪನ್ನ ನೋಡಿ ನಗ್ತಿದಾರೆ ಅಂದ್ರೆ ನಿಂಗೆ ನೋವಾಗತ್ತೆ ಅಂತ."

"ಆಗ್ತಿತ್ತೋ ಏನೋ." ಅವಳು ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ನಾಲ್ಕು ದಿನ ಅಳ್ತಿದ್ದೆ. ಐದನೇ ದಿನ ನಾನೂ ಹೋಗಿ ನೋಡಿ ನಗ್ತಿದ್ದೆ. ನೀನು ಆ ನಾಲ್ಕು ದಿನಾನೂ ಕೊಡಲಿಲ್ಲ, ಐದನೇ ದಿನಾನೂ ಕೊಡಲಿಲ್ಲ. ಒಂದು ಸಿನಿಮಾ ನನ್ನಿಂದ ಹಾಳಾಯ್ತು ಅಂತ ಇಷ್ಟು ವರ್ಷ ದಿಂಬಿನ ಚೀಲ ಹೊಲಿದೆ ಕಣೋ. ದಿಂಬು ತಿರುಗಿ ಬಯ್ಯಲ್ಲ ಅಂತ."

ನಾನು ಮಣೆಯ ಮೇಲೆ ಕೂತೆ. ಅವಳು ಅಂಗಿಯನ್ನು ನನ್ನ ಕಡೆಗೆ ಎಸೆದಳು.

"ತೊಟ್ಕೋ. ಇವತ್ತಿನ ಆಟಕ್ಕೆ ನಾನೂ ಬರ್ತೀನಿ. ಪುಕ್ಕಟೆ ಬಿಡ್ಸೋದೆಲ್ಲ ಬೇಡ. ಟಿಕೆಟ್ ತಗೊಂಡೇ ಬರ್ತೀನಿ."

ಅವಳು ಒಗೆದಿಟ್ಟ ಬಿಳಿ ಸೀರೆ ಉಟ್ಟು ಬಂದಳು. ಸಾಲಿನಲ್ಲಿ ಅವಳ ಮುಂದೆ ಇಬ್ಬರೇ ಇದ್ದರು, ಆದರೂ ಸಾಲಿನಲ್ಲೇ ನಿಂತಳು. ಗೇಟಿಗೆ ಬಂದು ಟಿಕೆಟ್ ಚಾಚಿದಾಗ ನಾನು ಅರ್ಧ ಹರಿದು ಕೊಟ್ಟೆ. ನನ್ನ ಮುಖ ನೋಡಲಿಲ್ಲ. ಕಣ್ಣು ಮಂದವೆಂದು ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತಳು. ಅವಳ ಹಿಂದೆ ಅಲ್ಲಲ್ಲಿ ಹದಿಮೂರು ಜನ. ಬಾಗಿಲು ಹಾಕಿದ ಮೇಲೆ ನಾನು ನನ್ನ ಸ್ಟೂಲು ಬಿಟ್ಟು ಒಳಗೆ ಗೋಡೆಗೆ ಆತು ನಿಂತೆ.

ಮೊದಲರ್ಧದಲ್ಲಿ ಒಬ್ಬರೂ ನಗಲಿಲ್ಲ. ಸೇನಾಪತಿ ಜಾರಿ ಬಿದ್ದ, ಮಂತ್ರಿಯ ಮುಖಕ್ಕೆ ಮಸಿ ಹತ್ತಿತು, ಹಂಡೆಯಂಥ ರಾಕೆಟ್ಟಿನಿಂದ ಹೊಗೆ ಬಂತು. ಯಾರೋ ಆಕಳಿಸಿದ್ದು ಕೇಳಿಸಿತು. ಅಷ್ಟು ವರ್ಷ ಅವಳಿಂದ ದೂರ ಇಟ್ಟ ನಗು ಇವತ್ತು, ಅವಳು ಬಂದ ದಿನವೇ, ಬರದೆ ಹೋದರೆ ಏನು ಗತಿ ಎಂದುಕೊಂಡೆ. ನಗಬೇಡಿ ನಗಬೇಡಿ ಎಂದು ಏಳು ವಾರ ಬೇಡಿಕೊಂಡವನು ಈಗ ನಗ್ರಪ್ಪಾ ಎಂದು ಬೇಡಿಕೊಳ್ಳುತ್ತಾ ನಿಂತಿದ್ದೆ.

ಸೇನಾಪತಿ ಬಾವುಟ ಎತ್ತಿಕೊಂಡ. ಬಗ್ಗಿದ. ಹೊಲಿಗೆ ಬಿಟ್ಟಿತು. ಹತ್ತಿ ಎದ್ದಿತು.

ಮೊದಲು ನಕ್ಕದ್ದು ಹಿಂದಿನ ಸಾಲಿನ ದಪ್ಪ ಮನುಷ್ಯ, ಅಲ್ಲಿಯವರೆಗೆ ಮಲಗಿದ್ದವನು. ಆಮೇಲೆ ಮಗುವನ್ನು ತೋಳಿನಲ್ಲಿ ಹಾಕಿಕೊಂಡಿದ್ದ ಒಬ್ಬ ತಾಯಿ. ಸೀಸೆಯವನು ತಲೆದಿಂಬಿನ ಮಾತು ಆಡುವ ಹೊತ್ತಿಗೆ ಐದಾರು ಜನ. ವಾರವಿಡೀ ನೋಡಿದ ಆಪರೇಟರ್ ಕೂಡ ಮೇಲಿನ ಗೂಡಿನಲ್ಲಿ ಹೋ ಎಂದ. ಹಿಂದಿನ ಕಾಲದ ನಗುವಲ್ಲ ಅದು, ಇಡೀ ಟಾಕೀಸು ತುಂಬುವಂಥದ್ದಲ್ಲ. ಆದರೂ ಇತ್ತು.

ಅಕ್ಕ ನಗಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದು ನಿಂತಳು. ಅಷ್ಟು ದೊಡ್ಡ ಪರದೆಯ ಮೇಲೆ ಆ ಒಂದು ಗೇಣು ಸೀಳು ಎರಡಾಳು ಎತ್ತರವಿತ್ತು. ಅವಳು ಅದನ್ನು ಮೇಲಿನಿಂದ ಕೆಳಗೆ ನೋಡಿದಳು, ಗಿರಾಕಿ ತಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, ಹಾಲಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಲೋ, ನೋಡಿದ್ಯಾ? ಬಟ್ಟೆ ಹರಿದಿಲ್ಲ! ಸೂಜಿ ತೂತು ಒಂದೊಂದೂ ಸಮ ಇದೆ. ನೂಲು ಕಣೋ ಹೋಗಿರೋದು, ನೂಲು!"

"ಅಮ್ಮಾ, ಕೂತ್ಕೊಳ್ಳಿ," ಎಂದ ದಪ್ಪ ಮನುಷ್ಯ.

"ಕೂತ್ಕೊಂಡೇ ಇದ್ದೆನಪ್ಪಾ, ಇಷ್ಟು ವರ್ಷ," ಎಂದು ಅವಳು ಕೂತಳು.

ಆಟ ಬಿಟ್ಟಾಗ ನಾನು ಹೋಗಿ ನನ್ನ ಕಂಬಕ್ಕೆ ಒರಗಿ ನಿಂತೆ. ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಹತ್ತು ಹೆಜ್ಜೆಯೊಳಗೆ ಕೇಳಿದೆ, "ಹೇಗಿತ್ತಕ್ಕ?"

"ಉದ್ದ ಆಯ್ತು. ಚಂದ್ರನಲ್ಲಿ ಫ್ಯಾನು ಯಾಕಿಟ್ರೋ ಗೊತ್ತಾಗಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡಳು. "ಆ ನೂಲು ಗೋಡೆ ಪಕ್ಕದಲ್ಲಿಟ್ಟು ನೆನೆದಿದ್ದ ನೂಲು. ಎಳೆದ್ರೆ ಪಟ್ ಅನ್ನತ್ತೆ, ಬೇರೆ ಕೊಡಿ ಅಂದಿದ್ದೆ ಮೇಸ್ತ್ರಿಗೆ. ಒಂದು ದಿನದ ಕೆಲಸಕ್ಕೆ ಇದು ಸಾಲದಾ ಅಂದ. ಹೇಳಿದ್ದೆ ಅನ್ನೋದು ಬರ್ತಾ ಬರ್ತಾ ನನಗೇ ಅನುಮಾನ ಆಗಿಹೋಗಿತ್ತು ನೋಡು. ಒಂದು ಚೀಟಿ ಕೊಡು."

ಚೀಟಿಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು, ಭೂತಗನ್ನಡಿ ಇಲ್ಲದೆ, ದಪ್ಪ ಅಕ್ಷರದಲ್ಲಿ ಬರೆದಳು. ಹಾಕಿ ಮನೆಗೆ ಹೋದಳು.

ನಾನು ಪೆಟ್ಟಿಗೆ ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಈಗ ಆ ಮೆಟ್ಟಿಲಲ್ಲಿ ಎರಡು ಸಲ ನಿಲ್ಲಬೇಕು. ಚಿಕ್ಕ ಯಜಮಾನಿ ಎಲ್ಲವನ್ನೂ ಎಣಿಸಿದರು. ಚೆನ್ನಾಗಿದೆ ಎಂದವು ಇಪ್ಪತ್ತೆರಡು, ಇಲ್ಲ ಎಂದವು ನಲವತ್ತು. ನಾನು ಮತ್ತೆ ಪೆಟ್ಟಿಗೆಗೆ ಹಾಕಿದ್ದ ಆ ಹನ್ನೊಂದನ್ನು ಸೇರಿಸಿಯೂ ಇಷ್ಟೇ.

"ಶನಿವಾರಕ್ಕೆ ಮುಗಿಸೋಣ ತಾತಾ," ಎಂದರು. "ಬೇಜಾರು ಮಾಡ್ಕೋಬೇಡಿ."

"ಇಲ್ಲಮ್ಮಾ. ಕಾಲೂ ಹಾಗೇ ಅಂತಿದೆ."

ಒಂದು ಚೀಟಿ ಅವರ ಕೈಯಲ್ಲೇ ಉಳಿದಿತ್ತು. "ಇದನ್ನ ಯಾವ ಕಡೆ ಹಾಕಲಿ? 'ಹೊಲಿಗೆ ಸರಿಯಾಗಿದೆ. ನೂಲು ಸರಿಯಿಲ್ಲ. ಅವತ್ತೇ ಹೇಳಿದ್ದೆ. ಜನ ನಕ್ಕರು, ಕೇಳಿಸಿತು. ಇಂತಿ ಹೊಲಿದವಳು.' ಇದು ಚೆನ್ನಾಗಿದೆ ಅಂತಲಾ, ಇಲ್ಲ ಅಂತಲಾ?"

"ಅದು ನನಗೆ ಬರೆದದ್ದಮ್ಮಾ," ಎಂದು ಕೈ ಚಾಚಿದೆ. ಅವರು ಕೊಟ್ಟರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಬಿಳಿ ಸೀರೆಯಲ್ಲೇ ಯಂತ್ರದ ಮುಂದೆ ಕೂತು ಹೊಲಿಯುತ್ತಿದ್ದಳು. ಆಸ್ಪತ್ರೆಯ ದಿಂಬಿನ ಚೀಲಗಳು ಪಕ್ಕದಲ್ಲಿ ಅಷ್ಟೆತ್ತರ, ನಾಳೆ ಕೊಡಬೇಕಾದವು. ಅವಳ ಸಿಟ್ಟು ಇಳಿದಿಲ್ಲವೆಂದು ಬೆನ್ನು ನೋಡಿಯೇ ಗೊತ್ತಾಯಿತು.

"ಆಟ ನಿಲ್ಲಿಸ್ತಾರಂತೆ," ಎಂದೆ.

"ನಿಲ್ಲಿಸಲಿ. ಕೂತ್ಕೋ ಇಲ್ಲಿ."

ಕೂತೆ.

"ನಿನ್ನ ತಲೆಯಿಂದ ಏನೂ ಬೀಳಲ್ಲ ಅಲ್ವಾ? ಮೊದಲನೇ ದಿನ, ಮೊದಲನೇ ಆಟ. ಯಾರು ಯಾರು ಏನಂದ್ರು, ಹೇಳು."

"ಏಳು ವಾರದ್ದು ಅಕ್ಕ. ದಿನಕ್ಕೆ ಮೂರು ಆಟ."

"ಎಲ್ಲಿಗೆ ಹೋಗ್ಬೇಕು ನೀನು? ಶನಿವಾರದಿಂದ ಬಿಡುವೇ ಅಲ್ವಾ. ಹೇಳು. ಒಂದೂ ಬಿಡಬೇಡ, ಬೈದಿದ್ದನ್ನೂ ಬಿಡಬೇಡ."

ನನಗೆ ಮೈಯೆಲ್ಲ ಸುಸ್ತಾಗಿತ್ತು. ಮಲಗಿದರೆ ಸಾಕಿತ್ತು. ಕಣ್ಣು ಮುಚ್ಚಿದೆ. ಟಾಕೀಸಿನ ಬಾಗಿಲು ತೆರೆಯಿತು, ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದರು, ಎಲ್ಲರೂ ಅವರವರ ಅಂಗಿಯಲ್ಲೇ ಇದ್ದರು.

"ಮೊದಲು ಬಂದವನು ಗಾಡಿಯವನು," ಎಂದೆ. "ನೀಲಿ ಅಂಗಿ. ನಕ್ಕು ನಕ್ಕು ಕಣ್ಣಲ್ಲಿ ನೀರು. ಜೊತೆಯವನ ಭುಜ ಹಿಡ್ಕೊಂಡು, 'ಲೇ, ಆ ಅಂಗಿ ಹೊಲಿದ ಪುಣ್ಯಾತ್ಮನ್ನ ಒಂದು ಸಲ ನೋಡಬೇಕಿತ್ತು' ಅಂದ."

ಯಂತ್ರ ನಿಂತಿತು.

"ಪುಣ್ಯಾತ್ಮ ಅಂದ್ನಾ?"

"ಗಂಡಸು ಅಂದ್ಕೊಂಡಿದ್ದ."

"ಮುಂದೆ?" ಎಂದು ಅವಳು ಮತ್ತೆ ಚಕ್ರ ತಿರುಗಿಸಿದಳು.